ಮಾರ್ಚ್ ಬಂದರೆ ಬಾವಿ ನೀರು ಉಪ್ಪಾಗುತ್ತದೆ, ಬೋರ್ ಕೊರೆಸಲೇ?

ಪ್ರಶ್ನೆ: ನಮ್ಮ ಜಾಗ ಕುಂದಾಪುರದ ಹತ್ತಿರ, ಪಂಚಗಂಗಾವಳಿಯ ಹಿನ್ನೀರಿನಿಂದ ಸುಮಾರು 150 ಮೀಟರ್ ಒಳಗೆ. 400 ಅಡಿಕೆ ಮರ, 60 ತೆಂಗು, ಬೈಲಲ್ಲಿ ಸ್ವಲ್ಪ ಗದ್ದೆ ಇದೆ. ಗದ್ದೆ ಈಗ ಪಾಳು. ಬಾವಿ 10 ಅಡಿ ಅಗಲ, 24 ಅಡಿ ಆಳ. ಅಪ್ಪನ ಕಾಲದಲ್ಲಿ ಮೇ ತಿಂಗಳಲ್ಲೂ ಸಿಹಿನೀರು ಇರುತ್ತಿತ್ತು. ಮೂರು ವರ್ಷದ ಹಿಂದೆ 5 ಎಚ್‌ಪಿ ಪಂಪ್ ಇಟ್ಟು ಸ್ಪ್ರಿಂಕ್ಲರ್ ಮಾಡಿದೆವು. ದಿನ ಬಿಟ್ಟು ದಿನ ನಾಲ್ಕು ಗಂಟೆ ಓಡಿಸುತ್ತೇವೆ. ಬಾವಿ ಬತ್ತುವುದಿಲ್ಲ, ಆದರೆ ಎರಡು ವರ್ಷದಿಂದ ಮಾರ್ಚ್ ಮಧ್ಯಕ್ಕೆ ನೀರು ಉಪ್ಪಾಗುತ್ತಿದೆ. ಅಡಿಕೆ ಸೋಗೆಯ ತುದಿ ಸುಟ್ಟ ಹಾಗೆ ಕಾಣುತ್ತದೆ. 300 ಅಡಿ ಬೋರ್ ಕೊರೆಸಿ ಅಂತ ಎಲ್ಲರೂ ಹೇಳುತ್ತಾರೆ. ಹೊಳೆಗೆ ಕಿಂಡಿ ಅಣೆಕಟ್ಟು ಇದೆ, ಹಲಗೆ ಹಾಕುವುದು ಪ್ರತಿ ವರ್ಷ ತಡ. ಏನು ಮಾಡಲಿ?

ಉತ್ತರ: ಬೋರ್ ಕೊರೆಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾಕೆಂದರೆ ಉತ್ತರ ಪೂರ್ತಿ ಓದುವ ಮೊದಲೇ ಯಾರಾದರೂ ರಿಗ್ ಲಾರಿ ಕರೆಸಿಬಿಟ್ಟರೆ ಆಮೇಲೆ ಸರಿ ಮಾಡುವುದು ಕಷ್ಟ. ನಿಮ್ಮ ಬಾವಿ ಕೆಟ್ಟಿಲ್ಲ. ಅದರಿಂದ ನೀರನ್ನು ಜೋರಾಗಿ ಎಳೆಯುತ್ತಿದ್ದೀರಿ, ಅಷ್ಟೇ. ನೀವು ಅಕ್ಟೋಬರ್ ಕೊನೆಗೆ ಬರೆದದ್ದು ಒಳ್ಳೆಯದಾಯಿತು. ಬೇಸಿಗೆಯ ನೀರಿನ ಕೆಲಸ ಶುರುವಾಗುವುದು ಈಗಲೇ, ಮಾರ್ಚ್‌ನಲ್ಲಿ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ಮಾತು: "ಬಾವಿ ಬತ್ತುವುದಿಲ್ಲ." ಇದನ್ನು ನೀವು ಸಮಾಧಾನಕ್ಕೆ ಬರೆದಿರಬಹುದು. ನನಗೆ ರೋಗದ ಸುಳಿವು ಸಿಕ್ಕಿದ್ದು ಅಲ್ಲೇ. ಲೆಕ್ಕ ಹಾಕಿ ನೋಡೋಣ. 10 ಅಡಿ ಅಗಲದ ಬಾವಿಯಲ್ಲಿ ಒಂದು ಅಡಿ ನೀರು ಅಂದರೆ ಸುಮಾರು 2,200 ಲೀಟರ್. 5 ಎಚ್‌ಪಿ ಪಂಪ್ ಸ್ಪ್ರಿಂಕ್ಲರ್‌ಗೆ ಓಡುವಾಗ ಗಂಟೆಗೆ ಕಡಿಮೆ ಅಂದರೂ 20,000 ಲೀಟರ್ ಎಳೆಯುತ್ತದೆ. ಅಂದರೆ ಹೊರಗಿಂದ ನೀರು ಬಾರದೆ ಇದ್ದರೆ ಒಂದು ಗಂಟೆಗೆ ಒಂಬತ್ತು ಅಡಿ ಇಳಿಯಬೇಕು. ಎರಡೂವರೆ ಗಂಟೆ ಆಗುವಾಗ ಬಾವಿ ತಳ ಕಾಣಬೇಕು. ನಿಮ್ಮದು ನಾಲ್ಕು ಗಂಟೆ ಓಡಿದರೂ ಕಾಣುವುದಿಲ್ಲ. ಮಾರ್ಚ್ ತಿಂಗಳಲ್ಲಿ ಗುಡ್ಡದ ಕಡೆಯ ಒರತೆ ಅಷ್ಟು ಜೋರಾಗಿ ಎಲ್ಲಿ ಬರುತ್ತದೆ? ಬರುವುದಿಲ್ಲ. ಬಾವಿ ತುಂಬಿಸುತ್ತಿರುವುದು ಹೊಳೆ. ಆ ಹೊಳೆಯಲ್ಲಿ ಆಗ ಇರುವುದು ಸಮುದ್ರದ ನೀರು.

ನೆಲದ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಮುಂದಿನದು ಸುಲಭ. ಸಮುದ್ರದ ನೀರು ಸಿಹಿನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹೀಗಾಗಿ ಕರಾವಳಿಯ ನೆಲದಲ್ಲಿ ಮಳೆಯ ಸಿಹಿನೀರು ಮೇಲೆ ತೇಲುತ್ತದೆ, ಉಪ್ಪುನೀರು ಅಡಿಗೆ ನಿಲ್ಲುತ್ತದೆ. ಎಷ್ಟು ತೇಲುತ್ತದೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. 1889ರಲ್ಲಿ ಬಾಡನ್ ಗೈಬನ್ ಎಂಬ ಡಚ್ ಇಂಜಿನಿಯರ್, 1901ರಲ್ಲಿ ಹರ್ಜ್‌ಬರ್ಗ್ ಎಂಬ ಜರ್ಮನ್, ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಹೇಳಿದರು. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಅದರ ಭಾರಕ್ಕೆ ಕೆಳಗೆ ಸುಮಾರು 40 ಅಡಿ ಆಳದವರೆಗೆ ಸಿಹಿನೀರೇ ಇರುತ್ತದೆ. ಕೇಳಲು ಖುಷಿ, ಅಲ್ವಾ? ಆದರೆ ಲೆಕ್ಕ ಹಿಂದುಮುಂದಾಗಿಯೂ ನಡೆಯುತ್ತದೆ. ಮೇಲಿನ ಒಂದು ಅಡಿ ನೀವು ತೆಗೆದುಬಿಟ್ಟು ಹಾಗೇ ಇಟ್ಟರೆ, ಕೆಳಗಿನಿಂದ ಉಪ್ಪುನೀರು 40 ಅಡಿ ಮೇಲೇರಲು ನೋಡುತ್ತದೆ. ನಮ್ಮ ನೆಲದಲ್ಲಿ ಮರಳು, ಜೇಡಿ, ಶೇಡಿಮಣ್ಣು (ಮುರಕಲ್ಲಿನ ಅಡಿಗೆ ಸಿಗುವ ನುಣುಪು ಮಣ್ಣು) ಎಲ್ಲ ಪದರ ಪದರವಾಗಿ ಇರುವುದರಿಂದ ಲೆಕ್ಕ ಅಷ್ಟು ಕಟ್ಟುನಿಟ್ಟಾಗಿ ಬರುವುದಿಲ್ಲ. ಆದರೂ ದಾರಿ ಇದೇ.

ಜೋರಾಗಿ ಪಂಪ್ ಮಾಡಿದಾಗ ಬಾವಿಯ ನೇರ ಕೆಳಗೆ ಉಪ್ಪುನೀರು ಗೋಪುರದ ಹಾಗೆ ಮೇಲೆದ್ದು ಬರುತ್ತದೆ. ನಿಧಾನಕ್ಕೆ ತೆಗೆದರೆ ಏಳುವುದಿಲ್ಲ, ಅಥವಾ ಎದ್ದರೂ ರಾತ್ರಿ ಕೂತುಕೊಳ್ಳುತ್ತದೆ. ಅಪ್ಪನ ಕಾಲದಲ್ಲಿ ಸಿಹಿ ಇದ್ದದ್ದು ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ಏತದಲ್ಲಿ ಎತ್ತಿದವರು, ಕೊಡಪಾನದಲ್ಲಿ ಸೇದಿದವರು ಬಾವಿಯ ಮೇಲಿನ ನೀರನ್ನಷ್ಟೇ ತೆಗೆದರು.

ನಾನು ಇದನ್ನು ಕಲಿತದ್ದು ಒಬ್ಬ ಅಜ್ಜಿಯಿಂದ. ಕೆಲಸಕ್ಕೆ ಸೇರಿದ ಹೊಸದು. ಹೊಳೆಬದಿಯ ಒಂದು ಮನೆಗೆ ದೊಡ್ಡ ಪಂಪ್ ಇಡಿ ಅಂತ ಹೇಳಿದವನು ನಾನೇ. ಮರು ವರ್ಷ ಹೋದಾಗ ಮನೆಯ ಅಜ್ಜಿ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, "ಬೆಳಿಗ್ಗೆ ನೀರ್ ಲಾಯ್ಕ್ ಇರತ್ತ್ ಮಗಾ, ಪಂಪ್ ಬಿಟ್ರೆ ಉಪ್ಪಾತ್ತ್" ಅಂದರು. ಒಂದು ಗಾಜಿನ ಬಾಟಲಿ ತೆಗೆದುಕೊಂಡೆವು. ಬುಡಕ್ಕೆ ಕಲ್ಲು ಕಟ್ಟಿದೆವು. ಬಾಯಿಗೆ ಬಿರಡೆ ಹಾಕಿ, ಬಿರಡೆಗೆ ಬೇರೆ ದಾರ ಕಟ್ಟಿದೆವು. ಬಾಟಲಿ ತಳಕ್ಕೆ ಇಳಿದ ಮೇಲೆ ದಾರ ಜಗ್ಗಿದರೆ ಬಿರಡೆ ಕಳಚಿಕೊಳ್ಳುತ್ತದೆ, ಗುಳ್ಳೆ ಗುಳುಗುಳು ಮೇಲೆ ಬರುತ್ತದೆ. ಗುಳ್ಳೆ ನಿಂತ ಮೇಲೆ ಎತ್ತಬೇಕು. ಹಾಗೆ ತಳದ ನೀರು ಬೇರೆ, ನಡುವಿನದು ಬೇರೆ, ಮೇಲಿನದು ಬೇರೆ ತೆಗೆದು ಮೂರು ಲೋಟದಲ್ಲಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಮೇಲಿನ ನೀರು ಕುಡಿಯುವ ಹಾಗಿತ್ತು. ತಳದ್ದನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳಲು ಆಗಲಿಲ್ಲ. ಪಂಪಿನ ಫುಟ್‌ವಾಲ್ವ್, ಅಂದರೆ ನೀರು ಹೀರುವ ಬಾಯಿ, ಇದ್ದದ್ದು ತಳದಲ್ಲಿ. ಸಿಹಿನೀರು ಬಾವಿಯಲ್ಲಿ ಇದ್ದೇ ಇತ್ತು, ನಾನು ಕೊಟ್ಟ ಪಂಪ್ ಅದರ ಅಡಿಗೆ ಹೋಗಿ ಉಪ್ಪನ್ನೇ ಹೀರುತ್ತಿತ್ತು. ಆ ಮನೆಯ ಎಳೆ ಅಡಿಕೆ ಸಸಿಗಳು ಆ ವರ್ಷ ಸತ್ತವು. ಆವತ್ತಿನಿಂದ ಕರಾವಳಿಯಲ್ಲಿ ಯಾರಿಗೂ ಪಂಪಿನ ಎಚ್‌ಪಿ ಜಾಸ್ತಿ ಮಾಡಿ ಅಂತ ನಾನು ಹೇಳಿಲ್ಲ.

ನೀವೂ ಈ ಬಾಟಲಿ ಪರೀಕ್ಷೆ ಮಾಡಿ. ಜೊತೆಗೆ ನೀರಿನಲ್ಲಿ ಕರಗಿದ ಉಪ್ಪಿನ ಅಂಶ ಅಳೆಯುವ, ಪೆನ್ನಿನ ಹಾಗೆ ಇರುವ ಟಿಡಿಎಸ್ ಮೀಟರ್ ಒಂದು ತೆಗೆದುಕೊಳ್ಳಿ, ದುಬಾರಿ ಅಲ್ಲ. ಡಿಸೆಂಬರ್‌ನಿಂದ ಪ್ರತಿ ವಾರ, ಪಂಪ್ ಹಾಕುವ ಮೊದಲು ಒಂದು ಸಲ, ಓಡಿ ಒಂದು ಗಂಟೆ ಆದ ಮೇಲೆ ಒಂದು ಸಲ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತ (ಸಮುದ್ರದ ಉಬ್ಬರ) ದೊಡ್ಡದು, ಆಗ ತಪ್ಪದೆ ನೋಡಿ. ಮೀಟರಿನಲ್ಲಿ 450ರ ಒಳಗೆ ಇದ್ದರೆ ಯಾವ ಬೆಳೆಗೂ ಹೆದರಿಕೆ ಇಲ್ಲ. 2,000 ದಾಟಿದರೆ ತೋಟಕ್ಕೆ ಬಿಡಲೇಬೇಡಿ. ನಡುವೆ ಇರುವಾಗ ಬೆಳೆ ನೋಡಿ ತೀರ್ಮಾನ ಮಾಡಬೇಕು. ತೆಂಗು ತಡೆದುಕೊಳ್ಳುತ್ತದೆ, ಅದು ಸಮುದ್ರ ಕಂಡ ಮರ. ಅಡಿಕೆ ಹಾಗಲ್ಲ. ಅಡಿಕೆಗೆ 1,000ದ ಮೇಲೆ ಇರುವ ನೀರನ್ನು ನಾನು ಬಿಡಿಸುವುದಿಲ್ಲ. ಕಾಳುಮೆಣಸು ಇದ್ದರೆ ಇನ್ನೂ ಜಾಗ್ರತೆ. ಮನೆಗೆ ಕುಡಿಯಲು ಅದೇ ಬಾವಿಯಾದರೆ 500ರ ಒಳಗಿದ್ದರೆ ಒಳ್ಳೆಯದು.

ಸೋಗೆಯ ತುದಿ ಸುಡುವುದರ ಬಗ್ಗೆ ಒಂದು ಮಾತು. ಬೇರು ಹೀರಿದ ಉಪ್ಪಿನ ಅಂಶ ನೀರಿನ ಜೊತೆ ಎಲೆಯ ತುದಿವರೆಗೆ ಹೋಗುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ತುದಿಯಿಂದ ಕಂದು ಬಣ್ಣ ಶುರುವಾಗುತ್ತದೆ. ಪೊಟ್ಯಾಷ್ ಕಡಿಮೆ ಆದರೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಹಾಗಾಗಿ ಮಣ್ಣು, ನೀರು ಎರಡನ್ನೂ ಒಮ್ಮೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ತೋರಿಸದೆ ಸುಮ್ನೆ ಬೇಸಿಗೆಯಲ್ಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುರಿಯಬೇಡಿ. ಅದರಲ್ಲೂ ಕ್ಲೋರೈಡ್ ಇದೆ, ಉಪ್ಪಿಗೆ ಉಪ್ಪು ಸೇರಿದ ಹಾಗೆ.

ಈಗ ಬೋರಿನ ವಿಷಯ. ನಿಮ್ಮ ಜಾಗದಲ್ಲಿ 300 ಅಡಿ ಕೊರೆದರೆ ಹೆಚ್ಚುಕಡಿಮೆ ಪೂರ್ತಿ ಕೊಳವೆ ಸಮುದ್ರ ಮಟ್ಟಕ್ಕಿಂತ ಕೆಳಗೆ ಇರುತ್ತದೆ. ಮೇಲೆ ಮರಳೋ ಮುರಕಲ್ಲೋ (ಜಂಬಿಟ್ಟಿಗೆ), ಅದರಡಿ ಶೇಡಿ, ಅದರಡಿ ಗಟ್ಟಿ ಬಂಡೆ. ಬಂಡೆಯಲ್ಲಿ ನೀರು ಇರುವುದು ಬಿರುಕಿನಲ್ಲಿ ಮಾತ್ರ. ಹಿನ್ನೀರಿನ ಇಷ್ಟು ಹತ್ತಿರ ಆ ಬಿರುಕು ಯಾವ ಕಡೆಗೆ ಬಾಯಿ ತೆರೆದಿದೆ ಅಂತ ಯಾರೂ ಮೇಲಿಂದ ಹೇಳಲಾರರು. ಮೊದಲ ವರ್ಷ ಸಿಹಿನೀರು ಬಂದು ಎರಡನೇ ಬೇಸಿಗೆಗೆ ಉಪ್ಪಾದ ಬೋರ್‌ಗಳನ್ನು ನಾನು ಬೇಕಷ್ಟು ನೋಡಿದ್ದೇನೆ. ತೆರೆದ ಬಾವಿಯಲ್ಲಾದರೆ ಮೇಲಿನ ನೀರನ್ನು ಆರಿಸಿ ತೆಗೆಯಬಹುದು. ಬೋರಿನಲ್ಲಿ ಆ ಅವಕಾಶವೇ ಇಲ್ಲ. ಅದಕ್ಕಿಂತ ಹೆಚ್ಚಿನ ತೊಂದರೆ ಇನ್ನೊಂದು: ಕೇಸಿಂಗ್ ಸರಿಯಾಗಿ ಕೂರಿಸದಿದ್ದರೆ ಅದೇ ತೂತಿನಿಂದ ಉಪ್ಪು ಮೇಲಿನ ಪದರಕ್ಕೂ ಬಂದು ನಿಮ್ಮ ಬಾವಿ, ಪಕ್ಕದ ಮನೆಯವರ ಬಾವಿ ಎರಡೂ ಹಾಳಾಗುತ್ತದೆ. ಹೊಳೆಯಿಂದ ದೂರ, ಬೆಟ್ಟಿನ ಮೇಲೆ, ಅಂದರೆ ಎತ್ತರದ ಜಾಗದಲ್ಲಿ ಇರುವವರ ಮಾತು ಬೇರೆ. ನಿಮಗೆ ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲ ಕೆಲಸ ಬೇಡಿಕೆ ಇಳಿಸುವುದು. ನೀವು ಈಗ ದಿನಕ್ಕೆ ಸರಾಸರಿ 40,000 ಲೀಟರ್ ಬಿಡುತ್ತಿದ್ದೀರಿ. ಬುಡಕ್ಕೆ ಕಟ್ಟುವ ಹಳೆಯ ಪದ್ಧತಿಯಲ್ಲೇ ಅಡಿಕೆಗೆ ನಾಲ್ಕು ದಿನಕ್ಕೊಮ್ಮೆ 175ರಿಂದ 200 ಲೀಟರ್, ತೆಂಗಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ಸಾಕು ಅಂತ ಇದೆ. ಅದರ ಪ್ರಕಾರ ನಿಮ್ಮ ತೋಟಕ್ಕೆ ದಿನಕ್ಕೆ ಸುಮಾರು 21,000 ಲೀಟರ್ ಆಯಿತು. ಅರ್ಧ ನೀರು ಈಗಲೇ ಹೆಚ್ಚು ಹೋಗುತ್ತಿದೆ. ಹನಿ ನೀರಾವರಿಗೆ ಬಂದರೆ ಇನ್ನೂ ಇಳಿಯುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಸಂಶೋಧನೆಯ ಪ್ರಕಾರ ಹನಿಯಲ್ಲಿ ಅಡಿಕೆಗೆ ದಿನಕ್ಕೆ 16ರಿಂದ 20 ಲೀಟರ್, ತೆಂಗಿಗೆ 30 ಲೀಟರ್ ಆಸುಪಾಸು ಸಾಕು. 400 ಅಡಿಕೆಗೆ 18ರ ಲೆಕ್ಕದಲ್ಲಿ 7,200. 60 ತೆಂಗಿಗೆ 1,800. ಒಟ್ಟು 9,000 ಲೀಟರ್. ನಲವತ್ತು ಸಾವಿರ ಎಲ್ಲಿ, ಒಂಬತ್ತು ಸಾವಿರ ಎಲ್ಲಿ!

9,000 ಲೀಟರ್ ತೆಗೆಯಲು 5 ಎಚ್‌ಪಿ ಬೇಡವೇ ಬೇಡ. ಅರ್ಧ ಎಚ್‌ಪಿಯದ್ದು, ಗಂಟೆಗೆ 2,500–3,000 ಲೀಟರ್ ಎತ್ತುವ ಪಂಪ್ ಸಾಕು. ಬೆಳಗಿನ ಜಾವ ಒಂದೂವರೆ ಎರಡು ಗಂಟೆ, ರಾತ್ರಿ ಅಷ್ಟೇ ಹೊತ್ತು. ನಡುವೆ ಬಾವಿಗೆ ವಿಶ್ರಾಂತಿ. ತೋಟದ ಮೇಲ್ಬದಿಯ ಬೆಟ್ಟಿನಲ್ಲಿ 10,000 ಲೀಟರಿನ ಟ್ಯಾಂಕ್ ಕಟ್ಟಿಸಿ. ಪಂಪ್ ನಿಧಾನಕ್ಕೆ ಟ್ಯಾಂಕ್ ತುಂಬಿಸಲಿ, ಟ್ಯಾಂಕಿನಿಂದ ಹನಿಗೆ ಇಳಿಯಲಿ. ಎತ್ತರ ಎಂಟು ಹತ್ತು ಮೀಟರ್ ಸಿಕ್ಕಿದರೆ ಒತ್ತಡಕ್ಕೆ ಬೇರೆ ಪಂಪ್ ಬೇಕಾಗಿಲ್ಲ. ಅಷ್ಟು ಎತ್ತರ ಇಲ್ಲದಿದ್ದರೆ ಟ್ಯಾಂಕಿನ ಬುಡದಲ್ಲಿ ಇನ್ನೊಂದು ಸಣ್ಣ ಪಂಪ್ ಇಡಿ. ಟ್ಯಾಂಕಿನಿಂದ ಎಷ್ಟು ಜೋರಾಗಿ ಎಳೆದರೂ ಬಾವಿಗೆ ನೋವಿಲ್ಲ.

ಫುಟ್‌ವಾಲ್ವ್ ತಳದಲ್ಲಿ ಬಿಡಬೇಡಿ. ಬಗ್ಗುವ ಹೋಸ್ ಪೈಪ್ ಹಾಕಿ, ಗಾಳಿ ತುಂಬಿದ ಪ್ಲಾಸ್ಟಿಕ್ ಕ್ಯಾನ್ ಎರಡು ಕಟ್ಟಿ, ನೀರಿನ ಮೇಲ್ಮೈಯಿಂದ ಎರಡು ಅಡಿ ಕೆಳಗೆ ತೂಗುವ ಹಾಗೆ ಮಾಡಿ. ನೀರು ಇಳಿದ ಹಾಗೆ ಅದೂ ಇಳಿಯುತ್ತದೆ, ಏರಿದ ಹಾಗೆ ಏರುತ್ತದೆ. ಇದಕ್ಕೆ ಖರ್ಚು ತೀರಾ ಕಡಿಮೆ. ಈ ಉತ್ತರದಲ್ಲಿ ಬೇರೇನೂ ಮಾಡಲು ಆಗದಿದ್ದರೂ ಇದೊಂದನ್ನು ಈ ವಾರವೇ ಮಾಡಿ.

ಪಂಪಿಗೆ ಕರೆಂಟ್ ಬಿಲ್ ಇಲ್ಲ, ಹಾಗಾಗಿ ದೊಡ್ಡ ಪಂಪ್ ಇದ್ದರೆ ನಷ್ಟ ಏನು ಅನ್ನುವ ಭಾವನೆ ನಮ್ಮಲ್ಲಿ ಇದೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ವಿದ್ಯುತ್ ಉಚಿತ, ನಿಜ. ನಷ್ಟ ಬರುವುದು ಬಿಲ್ಲಿನಲ್ಲಿ ಅಲ್ಲ, ಬಾವಿಯಲ್ಲಿ. ಹನಿ ನೀರಾವರಿಗೆ ತೋಟಗಾರಿಕೆ ಇಲಾಖೆಯ ಸಹಾಯಧನ ಇದೆ. ವಸ್ತು ಕೊಳ್ಳುವ ಮೊದಲೇ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಮೊದಲು ಕೊಂಡು ಆಮೇಲೆ ಓಡಾಡಿದವರು ಬಹಳ ಜನ.

ಬುಡದ ತೇವ ಉಳಿಸುವುದು ಇನ್ನೊಂದು ಕೆಲಸ, ಇದನ್ನು ನೀವು ಆಗಲೇ ಸ್ವಲ್ಪ ಮಾಡುತ್ತಿರಬಹುದು. ಅಡಿಕೆ ಬುಡಕ್ಕೆ ಸೋಗೆ, ದರಗು (ಒಣಗಿದ ಎಲೆ) ದಪ್ಪಕ್ಕೆ ಹಾಸಿ. ತೆಂಗಿನ ಸಿಪ್ಪೆಯನ್ನು ಒಲೆಗೆ ಹಾಕಿ ಮುಗಿಸಬೇಡಿ. ಅದು ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿದಿಡುತ್ತದೆ. ಬುಡದ ಸುತ್ತ ಮೇಲೆಯೇ ಹಾಸುವುದಾದರೆ ಬೆನ್ನು ಮೇಲೆ ಮಾಡಿ ಮಗುಚಿ ಹಾಕಬೇಕು. ಸಾಲುಗಳ ನಡುವೆ ಅಗಳು ತೋಡಿ ಹುಗಿಯುವುದಾದರೆ ಒಳಬದಿ ಮೇಲೆ, ಬಟ್ಟಲಿನ ಹಾಗೆ. ಹುಗಿದದ್ದು ಐದಾರು ವರ್ಷ ಕೆಲಸಕ್ಕೆ ಬರುತ್ತದೆ.

ಇನ್ನು ಹೊಳೆ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮಳೆಗಾಲದಲ್ಲಿ ಹೊಳೆಯ ಸೆಳೆತಕ್ಕೆ ಉಪ್ಪು ಅಳಿವೆ ದಾಟಿ ಮೇಲೆ ಬರಲಾರದು. ಹೊಳೆ ಸೊರಗಿದ ಹಾಗೆ ಅದು ಒಳಗೆ ಬರುತ್ತದೆ. ಹೇಗೆ ಬರುತ್ತದೆ ಅನ್ನುವುದನ್ನು ಗಮನಿಸಬೇಕು. ಉಪ್ಪುನೀರು ಹೊಳೆಯ ತಳ ಹಿಡಿದು, ಬೆಣೆ ಹೊಡೆದ ಹಾಗೆ ನುಗ್ಗುತ್ತದೆ. ಮೇಲೆ ಕೈ ಅದ್ದಿ ನೆಕ್ಕಿದರೆ ಸಿಹಿ, ಅಡಿಯಲ್ಲಿ ಉಪ್ಪು. ಮರಳು ತೆಗೆದು ಹೊಳೆಯ ತಳ ಆಳವಾದ ಕಡೆ ಈ ಬೆಣೆ ಇನ್ನೂ ಮೇಲಕ್ಕೆ ಹೋಗುತ್ತದೆ.

ಕಿಂಡಿ ಅಣೆಕಟ್ಟಿನ ಹಲಗೆ ತಡ ಆದರೆ ಏನಾಗುತ್ತದೆ ಅಂತ ಈಗ ನಿಮಗೇ ಗೊತ್ತಾಗಿರಬೇಕು. ಹಲಗೆ ಹಾಕುವ ಮೊದಲೇ ಉಪ್ಪು ಮೇಲೆ ಹೋಗಿದ್ದರೆ, ಹಲಗೆ ಹಾಕಿ ಆ ಉಪ್ಪನ್ನೇ ಮೇಲೆ ಕಟ್ಟಿಹಾಕಿದ ಹಾಗೆ. ತಳಕ್ಕೆ ಕೂತ ಉಪ್ಪುನೀರು ಮುಂದಿನ ಮಳೆಗಾಲದವರೆಗೆ ಜಾಗ ಬಿಡುವುದಿಲ್ಲ. ಹೊಳೆಯಲ್ಲಿ ಇನ್ನೂ ಸಿಹಿನೀರಿನ ಹರಿವು ಇರುವಾಗಲೇ ಹಾಕಬೇಕು. ನಮ್ಮಲ್ಲಿ ಅದಕ್ಕೆ ಸರಿಯಾದ ಕಾಲ ನವೆಂಬರ್, ಹೆಚ್ಚೆಂದರೆ ಡಿಸೆಂಬರ್ ಮೊದಲ ವಾರ. ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ಗಟ್ಟಿಯಾಗಿ ತುಂಬಬೇಕು. ಎಲ್ಲ ಕಿಂಡಿ ಮುಚ್ಚಿ ಒಂದರ ಅಡಿಯಲ್ಲಿ ನಾಲ್ಕು ಬೆರಳು ಸಂದು ಉಳಿದರೂ ಸಾಕು, ಭರತದ ಹೊತ್ತಿಗೆ ಉಪ್ಪು ಅದೇ ದಾರಿಯಲ್ಲಿ ಬರುತ್ತದೆ. ಯಾಕೆಂದರೆ ಅದು ಬರುವುದೇ ತಳದಲ್ಲಿ.

ಇಲಾಖೆ ಮಾಡುತ್ತದೆ ಅಂತ ಕಾದು ಕೂತರೆ ನಿಮ್ಮ ಎರಡು ವರ್ಷ ಹೋದ ಹಾಗೆ ಮೂರನೆಯದೂ ಹೋಗುತ್ತದೆ. ಅಣೆಕಟ್ಟಿನ ನೀರು ಬಳಸುವ ಹತ್ತು ಹದಿನೈದು ಮನೆಯವರು ಸೇರಿ ಈಗಲೇ ಒಂದು ದಿನ ಹೋಗಿ ಹಲಗೆ ಎಣಿಸಿ. ಮರದ ಹಲಗೆ ಕುಂಬಾಗಿದೆಯೇ, ಎಷ್ಟು ಕಾಣೆಯಾಗಿದೆ, ತೋಡು ಎಲ್ಲಿ ಸುತ್ತುಹಾಕಿ ಹರಿಯುತ್ತಿದೆ ಅಂತ ಬರೆದು, ಪಂಚಾಯತ್‌ಗೂ ಸಣ್ಣ ನೀರಾವರಿ ಇಲಾಖೆಗೂ ಒಟ್ಟಿಗೆ ಅರ್ಜಿ ಕೊಡಿ. ಈಗ ಕೊಳೆಯದ ಫೈಬರ್ ಹಲಗೆ ಬಂದಿದೆ, ಅದನ್ನೇ ಕೇಳಿ. ಹೊಳೆಯಲ್ಲಿ ಮೀನು ಹಿಡಿಯುವವರು, ಚಿಪ್ಪು ಹೆಕ್ಕುವವರು ಇರುತ್ತಾರೆ. ಅವರ ಬದುಕು ಇರುವುದು ಉಪ್ಪು ಸಿಹಿ ಸೇರುವ ನೀರಿನಲ್ಲೇ. ಹಲಗೆ ಯಾವಾಗ ಹಾಕುತ್ತೀರಿ, ಯಾವಾಗ ತೆಗೆಯುತ್ತೀರಿ ಅಂತ ಅವರನ್ನೂ ಕೂರಿಸಿಕೊಂಡು ಮಾತಾಡಿ. ಕೇಳದೆ ಹಾಕಿದ ಹಲಗೆ ರಾತ್ರೋರಾತ್ರಿ ಮೇಲೆದ್ದರೆ ಅವರನ್ನು ಪೂರ್ತಿ ದೂರುವುದು ಸರಿಯಲ್ಲ.

ವಾರಾಹಿ ಕಾಲುವೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಿಮ್ಮ ಕಡೆ ಹೇಳುವವರಿದ್ದಾರೆ. 1979ರಲ್ಲಿ ಮಂಜೂರಾದ ಯೋಜನೆ ಅದು. ಕಾಲುವೆ ಹರಿದ ಕಡೆ ಗದ್ದೆಗೂ ನೀರು, ಪಕ್ಕದ ಬಾವಿಗಳಿಗೂ ಒರತೆ. ಒಳ್ಳೆಯದೇ. ಆದರೆ ಅದನ್ನು ನಂಬಿಕೊಂಡು ನಿಮ್ಮ ಜಾಗದ ಕೆಲಸ ಮುಂದೂಡಬೇಡಿ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತು ಸಣ್ಣದಾಗಿ ಬಂದು ಹೋಗಿದೆ: ಗದ್ದೆ ಈಗ ಪಾಳು. ಅಪ್ಪನ ಕಾಲದ ಸಿಹಿನೀರಿಗೆ ಉಳಿದರ್ಧ ಉತ್ತರ ಇದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಎಕರೆಯ ಮೇಲೆ ಅದು 1 ಕೋಟಿ 60 ಲಕ್ಷ ಲೀಟರ್ ಆಗುತ್ತದೆ. ನಿಮ್ಮ ಇಡೀ ತೋಟಕ್ಕೆ ಹನಿಯಲ್ಲಿ 150 ದಿನಕ್ಕೆ ಬೇಕಾದದ್ದು ಹದಿಮೂರೂವರೆ ಲಕ್ಷ ಲೀಟರ್. ಅಂದರೆ ಒಂದು ಎಕರೆಗೆ ಬಿದ್ದ ಮಳೆಯ ಹತ್ತನೇ ಒಂದು ಪಾಲೂ ಬೇಡ! ನೀರು ಬೀಳುವುದು ಕಡಿಮೆ ಅಲ್ಲ, ನಿಲ್ಲುವುದು ಕಡಿಮೆ. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಂತು, ಗುಡ್ಡದ ಬುಡದಲ್ಲಿ ಒರತೆಯಾಗಿ ಬಂದು, ತೋಡಿಗೆ ಸೇರಿ, ಬೇಗ ಬೇಗ ಸಮುದ್ರಕ್ಕೆ ಹೋಗುತ್ತದೆ. ಹಿಂದೆ ಅದನ್ನು ದಾರಿಯಲ್ಲಿ ಹಿಡಿದು ನಿಲ್ಲಿಸುತ್ತಿದ್ದದ್ದು ಗದ್ದೆ. ಬೈಲು ಗದ್ದೆಯಲ್ಲಿ ಕಾರ್ತಿ, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುವಾಗ ಜೂನ್‌ನಿಂದ ಮಾರ್ಚ್ ಏಪ್ರಿಲ್‌ವರೆಗೆ ಅಲ್ಲಿ ನೀರು ನಿಲ್ಲುತ್ತಿತ್ತು. ಸುಗ್ಗಿಗೆ, ಕೊಳಕೆಗೆ ಅಂತ ಊರವರು ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಕಲ್ಲು, ಮಣ್ಣು, ಅಡಿಕೆ ಮರದ ಸೀಳು, ಸೊಪ್ಪು ಹಾಕಿ ಮಳೆ ಬಿಟ್ಟ ಮೇಲೆ ಕಟ್ಟುವ ಒಡ್ಡು ಅದು. ಮುಂದಿನ ಮಳೆಗೆ ತಾನೇ ಕೊಚ್ಚಿಹೋಗುತ್ತಿತ್ತು. ಗದ್ದೆ ನಿಂತಿತು, ಕಟ್ಟ ನಿಂತಿತು. ಬಾವಿಯ ಮೇಲಿನ ಆ ಒಂದೆರಡು ಅಡಿ ಸಿಹಿನೀರೂ ಹೋಯಿತು. ಉಪ್ಪನ್ನು ಒತ್ತಿ ಹಿಡಿದದ್ದು ಅದೇ ನೀರು.

ಆದ್ದರಿಂದ ನವೆಂಬರ್‌ನಲ್ಲಿ ನಿಮ್ಮ ಬೈಲಿನ ತೋಡಿಗೆ ಕಟ್ಟ ಹಾಕಿ. ಮರಳು ತುಂಬಿದ ಗೋಣಿಚೀಲ, ನಡುವೆ ಪ್ಲಾಸ್ಟಿಕ್ ಶೀಟು, ಒಂದು ದಿನದ ಕೆಲಸ. ಒಂದೇ ದೊಡ್ಡದಕ್ಕಿಂತ ಮೇಲಿಂದ ಕೆಳಗೆ ಮೂರು ನಾಲ್ಕು ಸಣ್ಣ ಕಟ್ಟ ಒಳ್ಳೆಯದು. ಪಾಳು ಗದ್ದೆಯ ಹುಣಿ (ಬದು) ಸರಿಮಾಡಿ, ಕಂಡಿ ಮುಚ್ಚಿ, ಹಿಂಗಾರಿನ ಮಳೆಯನ್ನು ಅಲ್ಲೇ ನಿಲ್ಲಿಸಿ. ಭತ್ತ ಮಾಡಲು ಆಳು ಸಿಗುವುದಿಲ್ಲ ಅಂತ ಗೊತ್ತು. ಭತ್ತ ಮಾಡದಿದ್ದರೂ ನೀರು ನಿಲ್ಲಿಸಬಹುದು.

ಇಂಗುಗುಂಡಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮಾಡಿ, ಆದರೆ ಜಾಗ ನೋಡಿ. ಜೂನ್ ತಿಂಗಳಲ್ಲಿ ಇಂಗಿದ ನೀರು ಇಷ್ಟು ಇಳಿಜಾರಿನ ನೆಲದಲ್ಲಿ ಮಾರ್ಚ್‌ವರೆಗೆ ಕಾಯುವುದಿಲ್ಲ. ನವೆಂಬರ್‌ನಲ್ಲಿ ನಿಲ್ಲಿಸಿದ ನೀರಿಗೆ ಬೆಲೆ ಜಾಸ್ತಿ. ಹಿನ್ನೀರಿನ ಅಂಚಿನಲ್ಲಿ ಗುಂಡಿ ತೋಡಿದರೆ ನೀರು ನೇರ ಹೊಳೆಗೆ ಹೋಗುತ್ತದೆ, ಬಾವಿಯ ಮೇಲ್ಬದಿಯಲ್ಲಿ ತೋಡಿ. ಇನ್ನೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಗೋ ರಸ್ತೆಗೋ ಗುಡ್ಡ ಕಡಿದಿದ್ದರೆ, ಆ ಕಡಿದ ಧರೆಯ ಮೇಲ್ಭಾಗದಲ್ಲಿ ಇಂಗುಗುಂಡಿ ಬೇಡವೇ ಬೇಡ. ಶೇಡಿಮಣ್ಣು ನೀರು ಕುಡಿದರೆ ಸಾಬೂನಿನ ಹಾಗೆ ಜಾರುತ್ತದೆ. ಮಳೆಗಾಲದಲ್ಲಿ ಧರೆ ಕುಸಿದು ಜೀವ ಹೋದದ್ದು ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಮನೆಯ ಮಾಡಿನ (ಚಾವಣಿಯ) ನೀರನ್ನು ಮಾತ್ರ ಧೈರ್ಯವಾಗಿ ಬಾವಿಗೆ ಬಿಡಬಹುದು, ಮರಳು ಜಲ್ಲಿಯ ಸೋಸುಗುಂಡಿ ದಾಟಿಸಿ. 1,000 ಚದರ ಅಡಿ ಮಾಡಿನಿಂದ ವರ್ಷಕ್ಕೆ ಸುಮಾರು ಮೂರು ಲಕ್ಷ ಲೀಟರ್ ಸಿಗುತ್ತದೆ.

ಗುಡ್ಡ ಇರುವವರಿಗೆ ಸುರಂಗವೂ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಬಿಲವೂ, ಒಂದು ದಾರಿ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದವರು, 2022ರಲ್ಲಿ ಪದ್ಮಶ್ರೀ ಬಂತು. ಅವರ ತೋಟಕ್ಕೆ ನೀರು ಪಂಪ್ ಇಲ್ಲದೆ ಇಳಿಯುತ್ತದೆ. ನಿಮ್ಮ ತಗ್ಗಿನ ಜಾಗಕ್ಕೆ ಸುರಂಗ ಹೊಂದುವುದಿಲ್ಲ. ಆದರೆ ಗುಡ್ಡ ಎಷ್ಟು ಕೊಡುತ್ತದೋ ಅಷ್ಟನ್ನೇ ನಿಧಾನಕ್ಕೆ ತೆಗೆದುಕೊಂಡು ತೋಟ ಮಾಡಬಹುದು ಅನ್ನುವುದನ್ನು ಅವರ ಕೆಲಸದಲ್ಲಿ ಕಣ್ಣಾರೆ ನೋಡಬಹುದು.

ಇಷ್ಟೆಲ್ಲ ಮಾಡಿದರೂ ಮೊದಲ ವರ್ಷ ಏಪ್ರಿಲ್‌ನಲ್ಲಿ ನೀರು ಸ್ವಲ್ಪ ಸವುಳಾದರೆ ಹೆದರಬೇಡಿ. ಆಗ ಅಡಿಕೆಗೆ ಸಿಹಿ ಇರುವ ಹೊತ್ತಿನ ನೀರು, ಅಂದರೆ ಬೆಳಗಿನ ಜಾವದ್ದು, ತೆಂಗಿಗೆ ಉಳಿದದ್ದು ಅಂತ ಹಂಚಿ. ಸ್ಪ್ರಿಂಕ್ಲರ್ ಹಾಕಲೇಬೇಡಿ, ಎಲೆಯ ಮೇಲೆ ಬಿದ್ದ ಉಪ್ಪುನೀರು ಒಣಗಿ ಎಲೆಯನ್ನೇ ಸುಡುತ್ತದೆ. ಈ ವರ್ಷ ಸೇರಿದ ಉಪ್ಪು ಮಣ್ಣಿನಲ್ಲೇ ಉಳಿದುಬಿಡುತ್ತದೆ ಅನ್ನುವ ಚಿಂತೆಯೂ ಬೇಡ. ಬಸಿಗಾಲುವೆ ಸರಿ ಇದ್ದರೆ ನಮ್ಮ ಮಳೆ ಜುಲೈ ಮುಗಿಯುವುದರೊಳಗೆ ಅದನ್ನು ತೊಳೆದು ಹಾಕುತ್ತದೆ. ಒಳನಾಡಿನ ರೈತರಿಗೆ ಇಲ್ಲದ ಭಾಗ್ಯ ಇದು.

ಒಂದು ಕಡೆ ಮಾತ್ರ ಮಳೆಯೇ ತೊಂದರೆ ಕೊಡುತ್ತದೆ. ಸವುಳು ನೀರಿನಲ್ಲಿ ಹನಿ ಮಾಡಿದಾಗ ಉಪ್ಪು ಒದ್ದೆ ಜಾಗದ ಅಂಚಿಗೆ ಹೋಗಿ ಉಂಗುರದ ಹಾಗೆ ಕೂರುತ್ತದೆ. ಬುಡದ ಸುತ್ತ ಬೆಳ್ಳಗೆ ಕಾಣುವುದು ಅದೇ. ಮೇ ತಿಂಗಳ ಮೊದಲ ಸಣ್ಣ ಮಳೆ ಬಂದಾಗ ಆ ಉಪ್ಪು ಕರಗಿ ವಾಪಸ್ ಬೇರಿನ ಕಡೆಗೆ ಬರುತ್ತದೆ. ಮಳೆ ಬಂತಲ್ಲ ಅಂತ ಎಲ್ಲರೂ ಅವತ್ತೇ ಹನಿ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ಮೊದಲ ಎರಡು ಮೂರು ಸಣ್ಣ ಮಳೆಗೆ, ಮಳೆ ಬೀಳುತ್ತಿರುವಾಗಲೇ ಹನಿ ಓಡುತ್ತಿರಲಿ, ಉಪ್ಪು ಬೇರಿಗೆ ಬಾರದೆ ಹೊರಗೇ ಇರುತ್ತದೆ. ಒಂದು ದಿನಕ್ಕೆ ನಾಲ್ಕೈದು ಇಂಚು ಸುರಿಯುವ ಮಳೆ ಬಂದ ಮೇಲೆ ನಿಲ್ಲಿಸಿ. ಅದೇ ವಾರ ಹೋಗಿ ಹೊಳೆಯ ಹಲಗೆಯನ್ನೂ ತೆಗೆಸಿ, ಇಲ್ಲದಿದ್ದರೆ ನೆರೆ ನಿಮ್ಮ ಬೈಲಿಗೇ ನುಗ್ಗುತ್ತದೆ.